ಅಸಲು ದೊಡ್ಡದಿರಲಿ, ಪ್ರತಿ ಚಿಕ್ಕದಿರಲಿ: ವಿಡಿಯೋ ಸಂಕಲನದ ಒಂದು ಲೆಕ್ಕಾಚಾರ

ನವೆಂಬರ್ ತಿಂಗಳು ಬಂತೆಂದರೆ ಮಹಾನಗರದ ಕನ್ನಡ ಸಂಘಟನೆಗಳಿಗೆ ಬಿಡುವೆಂಬುದಿಲ್ಲ. ರಾಜ್ಯೋತ್ಸವ, ಮಕ್ಕಳ ಪ್ರತಿಭಾ ಪ್ರದರ್ಶನ, ಯಕ್ಷಗಾನ, ತಾಳಮದ್ದಳೆ, ಗಣ್ಯರಿಗೆ ಸನ್ಮಾನ ಹೀಗೆ ಒಂದರ ಬೆನ್ನಿಗೆ ಇನ್ನೊಂದು. ಮಲಾಡ್ ಪರಿಸರದ ಕನ್ನಡಿಗರಾದ ನಾವೂ ಇದಕ್ಕೆ ಹೊರತಲ್ಲ. ಕಾರ್ಯಕ್ರಮ ಮುಗಿದು, ವೇದಿಕೆ ಬಿಚ್ಚಿ, ಊಟದ ಲೆಕ್ಕ ಚುಕ್ತಾ ಆದ ಬಳಿಕವೂ ಉಳಿಯುವ ಒಂದು ಕೆಲಸವೆಂದರೆ ವಿಡಿಯೋ. ನಮ್ಮಲ್ಲಿ ಅದನ್ನು ನೋಡಿಕೊಳ್ಳುವವರು ಮೂರು ಮಂದಿ. ಹಗಲೆಲ್ಲ ಬ್ಯಾಂಕು, ಕಚೇರಿ, ಲೋಕಲ್ ರೈಲು. ರಾತ್ರಿ ಗಣಕಯಂತ್ರದ ಮುಂದೆ ಸಂಕಲನ.

ಕಳೆದ ರಾಜ್ಯೋತ್ಸವವನ್ನು ಸದಸ್ಯರೊಬ್ಬರ ಮಗ ತನ್ನ 4ಕೆ ಕ್ಯಾಮರಾದಲ್ಲಿ ಚಿತ್ರೀಕರಿಸಿಕೊಟ್ಟ. ಮೂರು ಗಂಟೆಯ ಆ ದೃಶ್ಯಾವಳಿಯನ್ನು ಇಳಿಸಿಕೊಳ್ಳಲು ಹೊಸ ಹಾರ್ಡ್ ಡಿಸ್ಕ್ ಬೇಕೆಂದು ನಾವು ಸಮಿತಿಯ ಮುಂದೆ ಮನವಿ ಇಟ್ಟಾಗ ಹಿರಿಯರೊಬ್ಬರು ಕೇಳಿದರು: "ಅಲ್ಲ ಮಾರಾಯ್ರೇ, ಕೊನೆಗೆ ಎಲ್ಲರೂ ನೋಡುವುದು ಅಂಗೈಯಗಲದ ಮೊಬೈಲಿನಲ್ಲಿ. ಇಷ್ಟು ದೊಡ್ಡದಾಗಿ ಹಿಡಿದು ಮತ್ತೆ ಚಿಕ್ಕದು ಮಾಡುವುದು ಯಾವ ಸೀಮೆಯ ಲೆಕ್ಕ?"

ಪ್ರಶ್ನೆ ನ್ಯಾಯವಾದದ್ದೇ. ಸಭೆಯಲ್ಲಿ ನಾವು ಕೊಟ್ಟ ಉತ್ತರ ಚಿಕ್ಕದಾಯಿತು. ಅದನ್ನು ವಿಸ್ತರಿಸುವ ಪ್ರಯತ್ನ ಈ ಲೇಖನ. ಇದರಲ್ಲಿ ತಂತ್ರಜ್ಞರ ಪಾಂಡಿತ್ಯವಿಲ್ಲ. ಕಲಾ ವಿಭಾಗದಲ್ಲಿ ಓದಿ ಬ್ಯಾಂಕು ಸೇರಿದ ನಾವು ಮಾಡುತ್ತ, ತಪ್ಪುತ್ತ ಕಲಿತದ್ದಷ್ಟೇ ಇಲ್ಲಿದೆ. ಮಗಳ ಭರತನಾಟ್ಯವನ್ನೋ ಮನೆಯ ಮದುವೆಯನ್ನೋ ಚಿತ್ರೀಕರಿಸುವ ಪ್ರತಿಯೊಂದು ಕುಟುಂಬಕ್ಕೂ ಇದು ಸಂಬಂಧಪಟ್ಟ ವಿಷಯ.

ಚುಕ್ಕಿಗಳ ಲೆಕ್ಕ

ರಂಗೋಲಿ ಬಲ್ಲ ನಮ್ಮ ತಾಯಂದಿರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಐದು ಚುಕ್ಕಿಯಲ್ಲಿ ಒಂದು ಹೂವು ಬಿಡಿಸಬಹುದು; ಇಪ್ಪತ್ತೊಂದು ಚುಕ್ಕಿ ಇಟ್ಟರೆ ತೇರನ್ನೇ ನಿಲ್ಲಿಸಬಹುದು. ವಿಡಿಯೋ ಚಿತ್ರವೂ ಅಡ್ಡಸಾಲು, ಉದ್ದಸಾಲುಗಳಲ್ಲಿ ಜೋಡಿಸಿದ ಬಣ್ಣದ ಚುಕ್ಕಿಗಳ ರಾಶಿ. ಈ ಚುಕ್ಕಿಗೆ ಪಿಕ್ಸೆಲ್ ಎನ್ನುತ್ತಾರೆ. ಚೌಕಟ್ಟಿನೊಳಗೆ ಇಂಥ ಚುಕ್ಕಿಗಳು ಎಷ್ಟಿವೆ ಎಂಬುದೇ ರೆಸೊಲ್ಯೂಷನ್.

ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಡಿವಿಡಿಯ ಒಂದು ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576, ಅಂದರೆ ಒಟ್ಟು ಸುಮಾರು 4.15 ಲಕ್ಷ ಚುಕ್ಕಿಗಳು. ಎಚ್‌ಡಿ ಎಂಬುದರಲ್ಲಿ 1280 ಮತ್ತು 720, ಒಟ್ಟು 9.2 ಲಕ್ಷ. ಫುಲ್ ಎಚ್‌ಡಿಯಲ್ಲಿ 1920 ಮತ್ತು 1080, ಒಟ್ಟು 20.7 ಲಕ್ಷ. ಮನೆಬಳಕೆಯ 4ಕೆಯಲ್ಲಿ 3840 ಮತ್ತು 2160, ಒಟ್ಟು ಸುಮಾರು 83 ಲಕ್ಷ. ಅಂದರೆ 4ಕೆಯ ಒಂದು ಚೌಕಟ್ಟಿನಲ್ಲಿ ನಾಲ್ಕು ಫುಲ್ ಎಚ್‌ಡಿ ಚಿತ್ರಗಳು ಸರಿಯಾಗಿ ಹಿಡಿಯುತ್ತವೆ. ಡಿವಿಡಿಯ ಚಿತ್ರಗಳ ಲೆಕ್ಕದಲ್ಲಾದರೆ ಇಪ್ಪತ್ತು.

ಇಡೀ ವೇದಿಕೆ ಕಾಣುವಂತೆ ಕ್ಯಾಮರಾ ಇಟ್ಟಾಗ ಕಲಾವಿದರ ಮುಖ ಚಿತ್ರದ ಎತ್ತರದ ಇಪ್ಪತ್ನಾಲ್ಕರಲ್ಲಿ ಒಂದು ಪಾಲಿನಷ್ಟಿದೆ ಎಂದು ಭಾವಿಸೋಣ. ಆಗ ಆ ಮುಖಕ್ಕೆ ಡಿವಿಡಿಯಲ್ಲಿ ಸಿಗುವುದು 24 ಸಾಲು, ಫುಲ್ ಎಚ್‌ಡಿಯಲ್ಲಿ 45 ಸಾಲು, 4ಕೆಯಲ್ಲಿ 90 ಸಾಲು. ಕಣ್ಣು, ಮೂಗು, ತುಟಿ, ಹಣೆಯ ನಾಮ ಎಲ್ಲವೂ ಈ ಸಾಲುಗಳೊಳಗೆ ಮೂಡಬೇಕು. ಈ ಮೂರು ಅಂಕಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬೇಕಾಗುತ್ತವೆ.

ಮಲಾಡಿನ ಹಳೆಯ ಪಾಠ

ದೊಡ್ಡ ಮೂಲದಿಂದ ಚಿಕ್ಕ ಪ್ರತಿ ತೆಗೆಯುವ ಕ್ರಮ ಗಣಕಯಂತ್ರದ ಕಾಲದ್ದಲ್ಲ. ಅದಕ್ಕೆ ನಮ್ಮ ಮಲಾಡಿನಲ್ಲೇ ಹಿನ್ನೆಲೆಯಿದೆ. ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿಯವರು 1934ರಲ್ಲಿ ಬಾಂಬೆ ಟಾಕೀಸ್ ಸ್ಥಾಪಿಸಿದ್ದು ಇಲ್ಲಿಯೇ. ಅಶೋಕ್ ಕುಮಾರ್ ಅವರು ನಾಯಕನಟರಾಗುವ ಮುನ್ನ ಆ ಸ್ಟುಡಿಯೋದ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದರು. 1950ರ ದಶಕದ ನಡುವಿಗೆ ಸಂಸ್ಥೆಯ ಚಿತ್ರನಿರ್ಮಾಣ ನಿಂತಿತು. ಸ್ವಾಮಿ ವಿವೇಕಾನಂದ ರಸ್ತೆಯಲ್ಲಿ ಓಡಾಡುವವರಿಗೆ ಬಾಂಬೆ ಟಾಕೀಸ್ ಕಾಂಪೌಂಡ್ ಎಂಬ ಹೆಸರು ಮಾತ್ರ ಇಂದಿಗೂ ಪರಿಚಿತ.

ಫಿಲ್ಮಿನ ಕಾಲದಲ್ಲಿ ಕ್ಯಾಮರಾದಿಂದ ಬಂದ ಮೂಲ ನೆಗೆಟಿವ್ ಅನ್ನು ಸಂಕಲನದ ಮೇಜಿನ ಮೇಲೆ ತರುತ್ತಿರಲಿಲ್ಲ. ಅದರಿಂದ ಒಂದು ಕೆಲಸದ ಪ್ರತಿಯನ್ನು ತೆಗೆದು, ಕತ್ತರಿ, ಅಂಟುಗಳೆಲ್ಲ ಅದರ ಮೇಲೆಯೇ ನಡೆಯುತ್ತಿದ್ದವು. ಸಂಕಲನ ಒಪ್ಪಿಗೆಯಾದ ಮೇಲೆ ಫಿಲ್ಮಿನ ಅಂಚಿನಲ್ಲಿರುವ ಸಂಖ್ಯೆಗಳನ್ನು ತಾಳೆ ನೋಡಿ ಮೂಲವನ್ನು ಕತ್ತರಿಸುತ್ತಿದ್ದರು. ಹಳ್ಳಿಹಳ್ಳಿಗೆ ಒಯ್ದು ತೋರಿಸಬೇಕಾದಾಗ 35 ಮಿ.ಮೀ. ಚಿತ್ರವನ್ನು 16 ಮಿ.ಮೀ.ಗೆ ಇಳಿಸಿ ಪ್ರತಿ ಮಾಡುವುದೂ ಇತ್ತು. ಮೂಲ ಭದ್ರ, ಕೆಲಸ ಪ್ರತಿಯ ಮೇಲೆ, ಪ್ರದರ್ಶನಕ್ಕೆ ಚಿಕ್ಕದು ಎಂಬ ಆ ಮೂರು ಸೂತ್ರಗಳೇ ಇಂದಿನ ಡಿಜಿಟಲ್ ಸಂಕಲನಕ್ಕೂ ಅನ್ವಯಿಸುತ್ತವೆ.

ಇಳಿಸಿದರೂ ಉಳಿಯುವ ಲಾಭ

ಮೊದಲ ಲಾಭ ಚೌಕಟ್ಟಿನ ಸ್ವಾತಂತ್ರ್ಯ. ಸಂಕಲನದ ತಂತ್ರಾಂಶದಲ್ಲಿ ಕೆಲಸ ಆರಂಭಿಸುವಾಗ ಟೈಮ್‌ಲೈನ್ ಎಂಬ ಹಲಗೆಯ ಅಳತೆಯನ್ನು ನಾವು ಗೊತ್ತುಪಡಿಸಬೇಕು. ಅಂತಿಮ ಚಿತ್ರ ಫುಲ್ ಎಚ್‌ಡಿ ಆಗಿದ್ದರೆ ಹಲಗೆಯನ್ನೂ 1920 ಮತ್ತು 1080ಕ್ಕೇ ಇಡುವುದು ನಮ್ಮ ಪದ್ಧತಿ. ಅದರ ಮೇಲೆ 4ಕೆ ದೃಶ್ಯವನ್ನು ಶೇಕಡಾ 50ಕ್ಕೆ ಇಳಿಸಿ ಇಟ್ಟರೆ ಇಡೀ ವೇದಿಕೆ ಕಾಣುತ್ತದೆ. ಅದೇ ದೃಶ್ಯವನ್ನು ಶೇಕಡಾ 100ಕ್ಕೆ ಏರಿಸಿದರೆ ಚೌಕಟ್ಟಿನ ಕಾಲು ಭಾಗ ಮಾತ್ರ ಪರದೆ ತುಂಬುತ್ತದೆ, ಆದರೆ ಒಂದು ಚುಕ್ಕಿಯನ್ನೂ ಹೊಸದಾಗಿ ಕಲ್ಪಿಸಬೇಕಾಗುವುದಿಲ್ಲ. ಹೀಗೆ ಒಂದೇ ಕ್ಯಾಮರಾ ಎರಡು ಕ್ಯಾಮರಾಗಳ ಕೆಲಸ ಮಾಡುತ್ತದೆ. ಅಂತಿಮ ಚಿತ್ರ 1280 ಮತ್ತು 720 ಆದರೆ ಮೂರು ಪಟ್ಟಿನವರೆಗೂ ಹತ್ತಿರ ಹೋಗಬಹುದು.

ಮಕ್ಕಳ ಸಮೂಹನೃತ್ಯದಲ್ಲಿ ಇದರ ಬೆಲೆ ನಮಗೆ ಅರಿವಾಯಿತು. ಹನ್ನೆರಡು ಮಕ್ಕಳು ಎರಡು ಸಾಲಿನಲ್ಲಿ ಕುಣಿಯುತ್ತಿದ್ದರು. ಮುಂದಿನ ಸಾಲಿನ ಮಕ್ಕಳ ತಾಯಂದಿರಿಗೆ ಸಂತೋಷ. ಹಿಂದಿನ ಸಾಲಿನವರಿಗೆ ಪ್ರತಿ ವರ್ಷವೂ ಒಂದೇ ಕೊರಗು. ಈ ಸಲ ಸಂಕಲನದ ವೇಳೆ ಹಿಂದಿನ ಸಾಲಿನ ಪ್ರತಿ ಮಗುವಿನ ಹತ್ತಿರಕ್ಕೂ ಕೆಲವು ಕ್ಷಣ ಹೋಗಿಬಂದೆವು. ಚಿತ್ರೀಕರಿಸಿದ ಹುಡುಗ ಕ್ಯಾಮರಾವನ್ನು ಕದಲಿಸಿರಲೇ ಇಲ್ಲ.

ಎರಡನೆಯದು ಸ್ಥಿರತೆ. ಕೈಯಲ್ಲಿ ಹಿಡಿದ ಕ್ಯಾಮರಾದ ನಡುಕವನ್ನು ತಂತ್ರಾಂಶ ಸರಿಪಡಿಸುವಾಗ ಅಂಚುಗಳನ್ನು ಒಂದಿಷ್ಟು ಕತ್ತರಿಸಲೇಬೇಕು. ಮೂಲ ದೊಡ್ಡದಿದ್ದರೆ ಆ ಕತ್ತರಿಕೆ ಅಂತಿಮ ಚಿತ್ರಕ್ಕೆ ತಾಗುವುದಿಲ್ಲ.

ಮೂರನೆಯದು ಶುದ್ಧತೆ. ಮಂದ ಬೆಳಕಿನ ಸಭಾಂಗಣಗಳಲ್ಲಿ ಹಿಡಿದ ಚಿತ್ರದಲ್ಲಿ ಮರಳು ಎರಚಿದಂಥ ಕಾಳುಕಾಳು ಕಾಣುತ್ತದೆ. 4ಕೆಯನ್ನು ಫುಲ್ ಎಚ್‌ಡಿಗೆ ಇಳಿಸುವಾಗ ನಾಲ್ಕು ಚುಕ್ಕಿಗಳ ಸರಾಸರಿಯಿಂದ ಒಂದು ಚುಕ್ಕಿ ಹುಟ್ಟುತ್ತದೆ. ಎಲ್ಲೆಂದರಲ್ಲಿ ಬಿದ್ದ ಕಾಳುಗಳು ಪರಸ್ಪರ ವಜಾ ಆಗಿ ಸುಮಾರು ಅರ್ಧಕ್ಕಿಳಿಯುತ್ತವೆ. ಬಣ್ಣದ ಲೆಕ್ಕವೂ ಹೀಗೆಯೇ. ಸಾಮಾನ್ಯ ಕ್ಯಾಮರಾಗಳು ಜಾಗ ಉಳಿಸಲು ಬೆಳಕನ್ನು ಚುಕ್ಕಿ ಚುಕ್ಕಿಗೂ ದಾಖಲಿಸಿ, ಬಣ್ಣವನ್ನು ನಾಲ್ಕು ಚುಕ್ಕಿಗೆ ಒಂದರಂತೆ ಮಾತ್ರ ದಾಖಲಿಸುತ್ತವೆ. 4ಕೆಯನ್ನು ಇಳಿಸಿದಾಗ ಫುಲ್ ಎಚ್‌ಡಿಯ ಪ್ರತಿ ಚುಕ್ಕಿಯ ಪಾಲಿಗೂ ಒಂದೊಂದು ಬಣ್ಣದ ದಾಖಲೆ ದೊರಕಿದಂತಾಗುತ್ತದೆ. ಯಕ್ಷಗಾನದ ಕೆಂಪು, ಹಸಿರುಗಳ ಅಂಚು ಕಲಸಿಹೋಗದೆ ನಿಲ್ಲಲು ಇದು ಸಹಕಾರಿ.

ಹಾಗೆಂದು ಎಲ್ಲವೂ ಸರಿಹೋಗುತ್ತದೆಂಬ ಭ್ರಮೆ ಬೇಡ. ಫೋಕಸ್ ತಪ್ಪಿದ ಚಿತ್ರ 4ಕೆಯಲ್ಲೂ ತಪ್ಪಿದ್ದೇ. ಹತ್ತಿರ ಹೋದಷ್ಟೂ ಆ ತಪ್ಪು ಎದ್ದು ಕಾಣುತ್ತದೆ.

ಭಾರ ಹೊರುವ ಉಪಾಯ

ದೊಡ್ಡ ಮೂಲಕ್ಕೆ ದೊಡ್ಡ ಭಾರವೂ ಇದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಾಗುವ 4ಕೆ ಚಿತ್ರ ಗಂಟೆಗೆ 45 ಗಿಗಾಬೈಟ್ ಜಾಗ ತಿನ್ನುತ್ತದೆ. ಮೂರು ಗಂಟೆಗೆ 135. ಸೆಕೆಂಡಿಗೆ 8 ಮೆಗಾಬಿಟ್‌ನಂತೆ ಹೊರತೆಗೆದ ಫುಲ್ ಎಚ್‌ಡಿ ಪ್ರತಿ ಗಂಟೆಗೆ 3.6 ಗಿಗಾಬೈಟ್ ಮಾತ್ರ. ಸಮಿತಿಯ ಹಿರಿಯರು ಬೆಚ್ಚಿದ್ದು ಈ ಅಂತರ ಕಂಡೇ.

ಮನೆಯ ಸಾಧಾರಣ ಗಣಕಯಂತ್ರ ಇಷ್ಟು ಭಾರದ ಕಡತಗಳನ್ನು ಎಳೆಯಲಾರದೆ ತಡವರಿಸುತ್ತದೆ. ಅದಕ್ಕೆ ಪರಿಹಾರ ಪ್ರಾಕ್ಸಿ. ಬ್ಯಾಂಕಿನ ಸಭೆಗಳಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಮತ ಹಾಕುವುದಕ್ಕೆ ಈ ಶಬ್ದ ನಮಗೆ ಮೊದಲೇ ಪರಿಚಿತ. ಇಲ್ಲಿ ಮೂಲ ಕಡತದ ಪರವಾಗಿ ಅದರದೇ ಒಂದು ಹಗುರವಾದ ಪ್ರತಿ ಕೆಲಸಕ್ಕೆ ನಿಲ್ಲುತ್ತದೆ. ಕತ್ತರಿಸುವುದು, ಜೋಡಿಸುವುದು ಎಲ್ಲ ಆ ಪ್ರತಿಯನ್ನು ನೋಡುತ್ತ ನಡೆಯುತ್ತದೆ. ಕೊನೆಗೆ ಚಿತ್ರವನ್ನು ಹೊರತೆಗೆಯುವಾಗ ತಂತ್ರಾಂಶ ಮೂಲವನ್ನೇ ಕರೆದು ಅದರಿಂದ ಅಂತಿಮ ಪ್ರತಿ ಸಿದ್ಧಪಡಿಸುತ್ತದೆ. ಬಾಂಬೆ ಟಾಕೀಸ್ ಕಾಲದ ಕೆಲಸದ ಪ್ರತಿಯೇ ಇಲ್ಲಿ ಹೊಸ ವೇಷ ತೊಟ್ಟು ಬಂದಿದೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಕೆಡೆನ್‌ಲೈವ್, ಶಾಟ್‌ಕಟ್ ಇವುಗಳಲ್ಲೆಲ್ಲ ಈ ಸೌಲಭ್ಯವಿರುವುದರಿಂದ ಸಂಘಗಳು ತಂತ್ರಾಂಶಕ್ಕಾಗಿ ಹಣ ಹೂಡಲೇಬೇಕೆಂದಿಲ್ಲ. ಹತ್ತಿರದ ದೃಶ್ಯಗಳ ತೀಕ್ಷ್ಣತೆಯನ್ನು ಮಾತ್ರ ಪ್ರಾಕ್ಸಿಯಲ್ಲಿ ನೋಡಿ ತೀರ್ಮಾನಿಸದೆ, ಒಮ್ಮೆ ಮೂಲಕ್ಕೆ ಬದಲಾಯಿಸಿ ನೋಡಬೇಕು.

ಎಡವುವ ಕಲ್ಲುಗಳು

ನಾವು ಎಡವಿದ ಕಲ್ಲುಗಳನ್ನು ಹೇಳಿದರೆ ಹಿಂದೆ ಬರುವವರಿಗೆ ಅನುಕೂಲ.

ದೃಶ್ಯವನ್ನು ಹಲಗೆಯ ಅಳತೆಗೆ ಹೊಂದಿಸುವಾಗ ಕೆಲವು ತಂತ್ರಾಂಶಗಳು ಎರಡು ದಾರಿ ತೋರಿಸುತ್ತವೆ. ಒಂದು ದಾರಿಯಲ್ಲಿ ಚಿತ್ರ ಮೊದಲೇ ಚಿಕ್ಕದಾಗಿಬಿಡುತ್ತದೆ. ಆಮೇಲೆ ಹಿಗ್ಗಿಸಿದರೆ ಆ ಚಿಕ್ಕದೇ ಹಿಗ್ಗುತ್ತದೆ. ಇನ್ನೊಂದರಲ್ಲಿ ಮೂಲದ ಚುಕ್ಕಿಗಳು ಹಾಗೆಯೇ ಉಳಿದು, ತೋರುವ ಪ್ರಮಾಣ ಮಾತ್ರ ಬದಲಾಗುತ್ತದೆ. ಪ್ರೀಮಿಯರ್‌ನ ಅನೇಕ ಆವೃತ್ತಿಗಳಲ್ಲಿ ಸ್ಕೇಲ್ ಟು ಫ್ರೇಮ್ ಸೈಜ್ ಎಂಬುದು ಮೊದಲನೆಯದು, ಸೆಟ್ ಟು ಫ್ರೇಮ್ ಸೈಜ್ ಎಂಬುದು ಎರಡನೆಯದು. ಹೆಸರು ಒಂದೇ ತೆರನಾದರೂ ಫಲ ಬೇರೆ. ಹತ್ತಿರ ಹೋಗುವ ಉದ್ದೇಶವಿದ್ದರೆ ಎರಡನೆಯದೇ ಬೇಕು.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಆದುದರಿಂದ ಸಭಾಂಗಣದ ದೀಪಗಳ ಕೆಳಗೆ ಸೆಕೆಂಡಿಗೆ 25 ಅಥವಾ 50 ಚಿತ್ರಗಳಂತೆ, ಶಟರ್ ವೇಗವನ್ನು ಐವತ್ತರಲ್ಲೊಂದು ಸೆಕೆಂಡಿಗೆ ಇಟ್ಟು ಹಿಡಿದರೆ ಕ್ಷೇಮ. ಅನೇಕ ಮೊಬೈಲುಗಳು ತಾವಾಗಿ 30ರಲ್ಲಿ ಹಿಡಿಯುತ್ತವೆ. ಅದರಿಂದ ದೀಪಗಳು ಮಿಣುಕುವುದುಂಟು, ಕ್ಯಾಮರಾದ 25ರೊಡನೆ ಬೆರೆಸಿದಾಗ ಚಲನೆ ಕುಂಟುವುದೂ ಉಂಟು. ಚುಕ್ಕಿಗಳನ್ನು ಇಳಿಸುವುದು ಸುಲಭ, ಚಿತ್ರಗಳ ವೇಗವನ್ನು ಬದಲಿಸುವುದು ಕಷ್ಟ. ಆರಂಭದಲ್ಲೇ ಎಲ್ಲರೂ ಒಂದೇ ವೇಗಕ್ಕೆ ಒಪ್ಪುವುದು ಲೇಸು.

ಇಳಕಲ್ ಸೀರೆಯ ಸಣ್ಣ ಚೌಕಳಿ, ರೇಷ್ಮೆಯ ಜರಿ, ಹಾರ್ಮೋನಿಯಂ ಮುಂಭಾಗದ ಜಾಲರಿ ಇಂಥವು ಅಜಾಗರೂಕವಾಗಿ ಇಳಿಸಿದಾಗ ಅಲೆಯಲೆಯಾಗಿ ಮಿನುಗಿ ಕಣ್ಣಿಗೆ ಕಿರಿಕಿರಿ ಮಾಡುತ್ತವೆ. ಚುಕ್ಕಿಗಳ ಸರಾಸರಿ ತೆಗೆಯದೆ ನಡುನಡುವೆ ಕೆಲವನ್ನು ಬಿಟ್ಟುಬಿಡುವುದೇ ಇದಕ್ಕೆ ಕಾರಣ. ಹೊರತೆಗೆಯುವಾಗ ಉತ್ತಮ ಗುಣಮಟ್ಟದ ಇಳಿಕೆಯನ್ನು ಆಯ್ದುಕೊಂಡರೆ ತುಸು ತಡವಾದರೂ ಈ ದೋಷ ಬಹುಮಟ್ಟಿಗೆ ತಗ್ಗುತ್ತದೆ.

ಹೆಸರುಗಳ ವಿಷಯ ಇನ್ನೊಂದು. ಗಣಕಯಂತ್ರದ ಪರದೆಯಲ್ಲಿ ಅಂದವಾಗಿ ಕಂಡ ಕನ್ನಡ ಅಕ್ಷರಗಳು ಮೊಬೈಲಿನಲ್ಲಿ ಒತ್ತಕ್ಷರವೂ ತಿಳಿಯದಷ್ಟು ಸಣ್ಣದಾಗುತ್ತವೆ. ಸನ್ಮಾನಿತರ ಹೆಸರು ಓದಲಾಗದಿದ್ದರೆ ಸನ್ಮಾನ ಅರ್ಧವೇ ಆದಂತೆ. ಅಂತಿಮ ಪ್ರತಿಯನ್ನು ಹಂಚುವ ಮೊದಲು ಮೊಬೈಲಿನಲ್ಲೊಮ್ಮೆ ನೋಡುವ ನಿಯಮ ಮಾಡಿಕೊಂಡಿದ್ದೇವೆ.

ನಾವು ತೆತ್ತ ಬೆಲೆ

ಇಷ್ಟು ಹೇಳಿದ ಮೇಲೆ ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು. 2010ರ ಸುಮಾರಿಗೆ ನಮ್ಮಲ್ಲಿ ಒಂದು ತಾಳಮದ್ದಳೆ ನಡೆಯಿತು. ಬಾಲ್ಯದಲ್ಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಹಿರಿಯರೊಬ್ಬರು ಅಂದು ಕರ್ಣನ ಅರ್ಥ ಹೇಳಿದರು. ಅವರು ಆಮೇಲೆ ವೇದಿಕೆ ಏರಲಿಲ್ಲ. ಆ ದಿನ ಟೇಪಿನ ಕ್ಯಾಮರಾದಲ್ಲಿ 1080 ಸಾಲುಗಳ ಸ್ಪಷ್ಟ ಚಿತ್ರ ಹಿಡಿದಿದ್ದೆವು. ಅದರಿಂದ ಡಿವಿಡಿ ತೆಗೆದು ಎಲ್ಲರಿಗೂ ಹಂಚಿದೆವು. ಟೇಪುಗಳ ಬೆಲೆ ಹೆಚ್ಚೆಂದು, ಡಿವಿಡಿ ಇದೆಯಲ್ಲ ಎಂದು, ಅದೇ ಟೇಪುಗಳ ಮೇಲೆ ಮುಂದಿನ ತಿಂಗಳು ಕ್ರೀಡಾಕೂಟವನ್ನು ಚಿತ್ರೀಕರಿಸಿದೆವು. ಬ್ಯಾಂಕಿನಲ್ಲಿ ಒಂದು ವೋಚರನ್ನೂ ಅವಧಿಗೆ ಮುನ್ನ ಹರಿಯದ ನಾವು ಮಾಡಿದ ಕೆಲಸ ಅದು.

ಕೆಲವು ವರ್ಷಗಳ ಬಳಿಕ ಆ ಹಿರಿಯರು ತೀರಿಕೊಂಡರು. ಅವರ ಮಡದಿ ನಮ್ಮನ್ನು ಕರೆಸಿ ಕೇಳಿದರು: "ಮಗಾ, ಅರ್ಥ ಹೇಳುವಾಗ ಅವರ ಮುಖದಲ್ಲಿ ಏನೋ ಒಂದು ಕಳೆ ಬರ್ತಿತ್ತು. ಅದು ಕಾಣುವ ಹಾಗೆ ದೊಡ್ಡದು ಮಾಡಿ ಕೊಡ್ತೀಯಾ?"

ಡಿವಿಡಿಯಲ್ಲಿ ಆ ಮುಖಕ್ಕಿದ್ದುದು ಮೇಲೆ ಹೇಳಿದ ಇಪ್ಪತ್ನಾಲ್ಕು ಸಾಲು. ಹಿಗ್ಗಿಸಿದರೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಮಚ್ಚೆ, ಬಾಯಿಯ ಜಾಗದಲ್ಲಿ ಒಂದು ಗೀರು. ಟೇಪು ಉಳಿದಿದ್ದರೆ ಹತ್ತಿರ ಹತ್ತಿರ ಎರಡು ಪಟ್ಟು ಸಾಲುಗಳಿರುತ್ತಿದ್ದವು. ಆ ಅಮ್ಮ ಬಹಳ ಹೊತ್ತು ಪರದೆ ನೋಡಿದರು. ಕೊನೆಗೆ ನಮ್ಮನ್ನೇ ಸಮಾಧಾನಪಡಿಸುವವರಂತೆ, "ಇರಲಿ, ದನಿ ಉಂಟಲ್ಲ" ಎಂದರು.

ಇಂದು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಇಂಥ ಮುಖವನ್ನೂ ತೀಡಿ ಸ್ಪಷ್ಟಗೊಳಿಸುತ್ತವೆ. ನಾವೂ ಪ್ರಯತ್ನಿಸಿ ನೋಡಿದೆವು. ಕಣ್ಣು, ರೆಪ್ಪೆ, ಸುಕ್ಕು ಎಲ್ಲವೂ ಮೂಡಿದವು, ಆದರೆ ಆ ಮುಖ ಅವರದಾಗಿರಲಿಲ್ಲ. ದಾಖಲಾಗದ ವಿವರವನ್ನು ಯಂತ್ರ ಊಹಿಸಬಲ್ಲುದು, ಮರಳಿ ತರಲಾರದು. ಅದನ್ನು ಆ ಅಮ್ಮನಿಗೆ ತೋರಿಸಲು ನಮಗೆ ಮನಸ್ಸು ಬರಲಿಲ್ಲ.

ಅಸಲನ್ನು ಮುಟ್ಟಬೇಡಿ

ಬಡ್ಡಿಯನ್ನು ಖರ್ಚು ಮಾಡಿ, ಅಸಲನ್ನು ಮುಟ್ಟಬೇಡಿ ಎಂಬುದು ನಿವೃತ್ತರಾಗುವ ಗ್ರಾಹಕರಿಗೆ ನಾವು ಹೇಳುತ್ತ ಬಂದ ಮಾತು. ವಿಡಿಯೋದಲ್ಲಿ ಮೂಲ ದೃಶ್ಯಾವಳಿಯೇ ಅಸಲು. ಮೊಬೈಲಿಗೆ, ಟಿವಿಗೆ, ವಾಟ್ಸಪ್ಪಿಗೆ ತೆಗೆಯುವ ಚಿಕ್ಕ ಪ್ರತಿಗಳೆಲ್ಲ ಬಡ್ಡಿ. ಅಸಲಿದ್ದರೆ ಬಡ್ಡಿ ಮತ್ತೆ ಮತ್ತೆ ಹುಟ್ಟುತ್ತದೆ. ಬಡ್ಡಿಯಿಂದ ಅಸಲನ್ನು ಕಟ್ಟಲಾಗದು.

ಕನ್ನಡಿಗರಿಗೆ ಈ ನಷ್ಟ ಹೊಸದೇನಲ್ಲ. ಮಲಾಡಿನಲ್ಲಿ ಬಾಂಬೆ ಟಾಕೀಸ್ ಆರಂಭವಾದ 1934ರಲ್ಲಿಯೇ, ಮಾರ್ಚ್ 3ರಂದು ಬೆಂಗಳೂರಿನಲ್ಲಿ ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನ ತೆರೆಕಂಡಿತು. ಕೊಲ್ಹಾಪುರದ ಸ್ಟುಡಿಯೋದಲ್ಲಿ ತಯಾರಾದ ಆ ಚಿತ್ರದ ಪ್ರತಿ ಇಂದು ಲಭ್ಯವಿಲ್ಲ. ನಮ್ಮ ಭಾಷೆ ತೆರೆಯ ಮೇಲೆ ಮೊದಲ ಬಾರಿ ಮಾತಾಡಿದ ಕ್ಷಣವನ್ನು ನಾವು ನೋಡಲಾರೆವು. ಈ ಮಹಾನಗರದಲ್ಲಿ 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದವು. ಅವುಗಳ ಮೊದಲ ದಶಕಗಳಲ್ಲಿ ಮನೆಬಳಕೆಯ ವಿಡಿಯೋ ಎಂಬುದೇ ಇರಲಿಲ್ಲ. ಅಂದಿನವರಿಗೆ ಉಪಕರಣವಿರಲಿಲ್ಲ ಎಂಬ ಸಮರ್ಥನೆಯಿದೆ. ನಮಗೆ ಆ ಸಮರ್ಥನೆಯೂ ಇಲ್ಲ.

ಮಾಡಬೇಕಾದುದು ಹೆಚ್ಚೇನಿಲ್ಲ. 2 ಟೆರಾಬೈಟಿನ ಒಂದು ಡಿಸ್ಕಿನಲ್ಲಿ ಮೂರು ಗಂಟೆಯ 14 ಕಾರ್ಯಕ್ರಮಗಳ ಮೂಲ ಹಿಡಿಯುತ್ತದೆ. ಮೂರು ಪ್ರತಿಗಳಿರಲಿ, ಎರಡು ಬಗೆಯ ಮಾಧ್ಯಮದಲ್ಲಿರಲಿ, ಒಂದಾದರೂ ಬೇರೆ ಸ್ಥಳದಲ್ಲಿರಲಿ ಎಂಬುದು ತಿಳಿದವರ ನಿಯಮ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದುದನ್ನು ಕಂಡ ಉಪನಗರದವರಿಗೆ ಬೇರೆ ಸ್ಥಳ ಏಕೆಂದು ವಿವರಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ ಡಿಸ್ಕನ್ನು ಜೋಡಿಸಿ, ಕಡತಗಳು ತೆರೆಯುತ್ತವೆಯೇ ಎಂದು ನೋಡಬೇಕು. ಯಾರು, ಯಾವಾಗ, ಎಲ್ಲಿ, ಯಾವ ಪ್ರಸಂಗ ಎಂಬುದನ್ನು ಬರೆದ ಹಾಳೆಯೊಂದು ಜೊತೆಗಿರಬೇಕು. ಹೆಸರಿಲ್ಲದ ಮುಖ ಎಷ್ಟು ಸ್ಪಷ್ಟವಿದ್ದರೇನು? ಧ್ವನಿಯನ್ನು ಒಳ್ಳೆಯ ಮೈಕಿನಲ್ಲಿ ಹಿಡಿದು, ಅದರ ಮೂಲವನ್ನೂ ಹಾಗೆಯೇ ಇಡಬೇಕು. ಅದರ ಬೆಲೆಯನ್ನು ನಮಗೆ ಕಲಿಸಿದವರು ಆ ಅಮ್ಮ.

ಸಮಿತಿಯ ಹಿರಿಯರಿಗೆ ಈ ಸಂಗತಿಗಳನ್ನು ಸಂಕ್ಷೇಪವಾಗಿ ತಿಳಿಸಿದಾಗ ಅವರು ಕ್ಷಣಕಾಲ ಸುಮ್ಮನಿದ್ದರು. ಅಂದಿನ ತಾಳಮದ್ದಳೆಗೆ ಅವರೂ ಬಂದಿದ್ದವರೇ. ಹಾರ್ಡ್ ಡಿಸ್ಕ್ ಒಂದಲ್ಲ, ಎರಡು ಮಂಜೂರಾದವು. ಒಂದು ಮಲಾಡಿನಲ್ಲಿದೆ, ಇನ್ನೊಂದು ಸದಸ್ಯರೊಬ್ಬರ ಊರಮನೆಯ ಕಪಾಟಿನಲ್ಲಿದೆ. ಮೂರನೆಯ ಪ್ರತಿಗಾಗಿ ಅಂತರ್ಜಾಲದ ಸಂಗ್ರಹಸ್ಥಳವನ್ನು ಹುಡುಕುತ್ತಿದ್ದೇವೆ.

ತಮ್ಮ ಮನೆಯ ಮೊಬೈಲು, ಕ್ಯಾಮರಾ, ಹಳೆಯ ಟೇಪುಗಳಲ್ಲಿ ಉಳಿದಿರುವ ಮೂಲಗಳನ್ನು ಅಳಿಸುವ ಮೊದಲು ಓದುಗ ಬಾಂಧವರು ಒಮ್ಮೆ ಯೋಚಿಸಬೇಕೆಂದು ವಿನಂತಿ. ಚಿಕ್ಕ ಪ್ರತಿಯನ್ನು ನಾಳೆಯೂ ತೆಗೆಯಬಹುದು.